ಹನ್ನೊಂದು ಗೀಟು

ಮಂಗಳವಾರ ಬೆಳಗಿನ ಐದೂಮುಕ್ಕಾಲಿಗೆ ಕಣಿವೆ ಮನೆಯಿಂದ ಚೀಟಿ ಬಂತು. ಅದರಲ್ಲಿ ಹನ್ನೊಂದು ಗೀಟು ಇದ್ದವು. ನಾನು ಆರು ಎಂದು ಅಚ್ಚು ಹಾಕಿಸಿದೆ.

ನಮ್ಮೂರಲ್ಲಿ ಹವೆಯ ಒತ್ತಡ ಇಳಿದರೆ ಕಂಚು ಏಳುತ್ತದೆ. ತಾಮ್ರ ಏಳುವುದಿಲ್ಲ, ಹಿತ್ತಾಳೆ ಏಳುವುದಿಲ್ಲ. ಒತ್ತಡ ಸ್ವಲ್ಪ ಇಳಿದರೆ ಕಂಚಿನ ತಂಬಿಗೆ ನೆಲದಿಂದ ಒಂದು ಬೆರಳು ಮೇಲೆ ನಿಲ್ಲುತ್ತದೆ, ಹೆಚ್ಚು ಇಳಿದರೆ ನಾಲ್ಕು ಬೆರಳು, ಐದು ಬೆರಳು. ಊಟಕ್ಕೆ ಕೂತವರು ಎಡಗೈ ಹೆಬ್ಬೆರಳಿನಿಂದ ಗಂಗಾಳದ ಅಂಚನ್ನು ಒತ್ತಿ ಹಿಡಿಯುವುದು ಇಲ್ಲಿ ಎಲ್ಲರಿಗೂ ಚಿಕ್ಕಂದಿನ ರೂಢಿ. ಮದುವೆಯಲ್ಲಿ ಹೆಣ್ಣಿಗೆ ಎಷ್ಟು ಕಂಚಿನ ಪಾತ್ರೆ ಕೊಡುತ್ತಾರೋ ಅವುಗಳ ಮೇಲೆ ಹೇರಲು ಅಷ್ಟೇ ಹೊಳೆಗಲ್ಲನ್ನೂ ಕೊಡಬೇಕು. ಕಲ್ಲು ಕಡಿಮೆಯಾದರೆ ಬೀಗರು ಮುಖ ಊದಿಸುತ್ತಾರೆ. ಗುಡಿಯ ಗಂಟೆಯನ್ನು ಚಳಿಗಾಲಕ್ಕೆ ಮುಂಚೆ ಇಳಿಸಿ ಅಕ್ಕಿಯ ಚೀಲದಡಿ ಇಡುತ್ತಾರೆ.

ಈ ಕಂಚಿನಿಂದಲೇ ನಾವು ಬಿಳಿಗಾಳಿಯನ್ನು ಮುಂಚೆ ತಿಳಿಯುತ್ತೇವೆ. ಹಿಮವನ್ನು ಹೊತ್ತುಕೊಂಡು ಬರುವ ಬಿರುಗಾಳಿಗೆ ನಮ್ಮಲ್ಲಿ ಆ ಹೆಸರು. ಊರಿನ ಐದು ದಿಕ್ಕಿನ ಐದು ಮನೆಗಳಲ್ಲಿ ಅಳತೆಯ ತಂಬಿಗೆಗಳಿವೆ. ಬೆಳಗಾಗುವ ಮುಂಚೆ ಆ ಮನೆಯವರು ತಂಬಿಗೆಯ ಕೆಳಗೆ ಬೆರಳುಗಳನ್ನು ಅಡ್ಡ ಇಟ್ಟು, ಒಂದರ ಮೇಲೊಂದು ಜೋಡಿಸಿ, ಎಷ್ಟು ಹಿಡಿದವೋ ಅಷ್ಟು ಗೀಟುಗಳನ್ನು ಚೀಟಿಯ ಮೇಲೆ ಎಳೆದು ಕಳಿಸುತ್ತಾರೆ. ಹೆಬ್ಬೆರಳು ಲೆಕ್ಕಕ್ಕಿಲ್ಲ. ಆದ್ದರಿಂದ ಒಬ್ಬರ ಎರಡು ಕೈಗೆ ಎಂಟೇ ಬೆರಳು. ಎಂಟು ದಾಟಿದರೆ ಇನ್ನೊಬ್ಬರ ಕೈ ಬೇಕು. ಇನ್ನೊಬ್ಬರ ಕೈ ಬೇಕಾಯಿತು ಎಂದರೆ ಅಂದು ಹೆಪ್ಪುಗಟ್ಟಿದ ಕೆರೆ ದಾಟುವಂತಿಲ್ಲ. ದಂಡೆಯ ಕಂಬಕ್ಕೆ ಕೆಂಪು ಬಟ್ಟೆ ಕಟ್ಟುತ್ತಾರೆ. ಐದೂ ಚೀಟಿಗಳು ಆರು ಗಂಟೆಯೊಳಗೆ ನಮ್ಮ ಆಫೀಸಿಗೆ ಬರುತ್ತವೆ. ನಾನು ‘ಬೆಳಗಿನ ಹಾಳೆ’ಯ ಉಪಸಂಪಾದಕ. ಹಾಳೆಯ ಮೊದಲ ಪುಟದ ಬಲ ಮೂಲೆಯ ಚೌಕದಲ್ಲಿ ಐದು ಅಂಕಿಗಳನ್ನು ಹಾಕುವುದು ಹನ್ನೆರಡು ವರ್ಷಗಳಿಂದ ನನ್ನ ಕೆಲಸ. ಅದನ್ನು ನೋಡಿಯೇ ದಂಡೆಯಲ್ಲಿ ಬಟ್ಟೆ ಕಟ್ಟುತ್ತಾರೆ.

ಆ ಮಂಗಳವಾರ ಕೆರೆದಂಡೆ ಎರಡು, ಪೇಟೆ ಮೂರು, ಗಿರಣಿ ಮೂರು, ಶಾಲೆ ನಾಲ್ಕು. ಪಡುವಣ ಕಣಿವೆ ಹನ್ನೊಂದು.

ಕಣಿವೆ ಮನೆ ಊರಿನಿಂದ ಎರಡು ಹರದಾರಿ ಮೇಲಕ್ಕಿದೆ. ಅಲ್ಲಿ ಅಳೆಯುವವಳು ಬಾಳವ್ವ. ವಯಸ್ಸು ಎಪ್ಪತ್ತೊಂದು. ಅವಳ ಅತ್ತೆಯ ಅತ್ತೆಯ ಕಾಲದಿಂದ ತಂಬಿಗೆ ಆ ಮನೆಯಲ್ಲಿದೆ. ಅವಳ ಚೀಟಿ ಹಾಲಿನ ಬಂಡಿಯಲ್ಲಿ ಇಳಿದು ಬರುತ್ತದೆ. ಹಿಂದಿನ ತಿಂಗಳು ಅವಳು ಎರಡು ಸಲ ಒಂಬತ್ತು ಗೀಟು ಕಳಿಸಿದ್ದಳು. ಎರಡು ಸಲವೂ ಕೆಂಪು ಬಟ್ಟೆ ಕಟ್ಟಿದರು, ಎರಡು ಸಲವೂ ಗಾಳಿ ಬರಲಿಲ್ಲ. ಸಂತೆ ಹಾಳಾಯಿತು. ಪೇಟೆಯಲ್ಲಿ ಚಹಾ ಕುಡಿಯಲು ಹೋದರೆ ಎಣ್ಣೆ ಅಂಗಡಿಯ ಶಿವಲಿಂಗಪ್ಪ ಎಲ್ಲರಿಗೂ ಕೇಳುವ ಹಾಗೆ, “ರಾಚಪ್ಪಾರ, ನಿಮ್ಮ ಹಾಳಿ ನೋಡಿ ಕಂಬಳಿ ಹೊದ್ದೆ. ಬೆವತು ಬಿಟ್ಟೆ ನೋಡ್ರಿ” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೂ ಆ ನಗೆ ನನ್ನ ಕಿವಿಯಲ್ಲಿತ್ತು. ಆರು ಹಾಕಿಸಿದ್ದಕ್ಕೆ ಕಾರಣ ಕೇಳಿದರೆ ನನ್ನ ಬಳಿ ಇರುವುದು ಇಷ್ಟೇ.

ನಮ್ಮಲ್ಲಿ ಅಚ್ಚುಮೊಳೆ ಜೋಡಿಸುವವನು ಮೌಲಾಸಾಬ. ನನಗಿಂತ ಹತ್ತು ವರ್ಷ ದೊಡ್ಡವನು. ಅವನು ಚೌಕವನ್ನು ಆಗಲೇ ಕಟ್ಟಿ ಮುಗಿಸಿದ್ದ.

“ಕಣಿವಿದು ಹನ್ನೊಂದು ಕಟ್ಟೀನ್ರಿ,” ಎಂದ.

“ಆರು ಮಾಡು.”

ಅವನು ಚೀಟಿಯನ್ನು ದೀಪದ ಹತ್ತಿರ ಹಿಡಿದು ಇನ್ನೊಮ್ಮೆ ಎಣಿಸಿದ. “ಹನ್ನೊಂದು ಅದಾವಲ್ರಿ.”

“ಉಳಿದ ನಾಲ್ಕು ಮನಿ ಎರಡು, ಮೂರು ಅಂತಾವ. ಒಂದ ಮನಿ ಹನ್ನೊಂದು ಅಂದ್ರ ಆ ಮನಿದ ತಪ್ಪು. ಮುದುಕಿ ಮತ್ತ ಹೆಚ್ಚಿಗಿ ಎಳದಾಳ.”

“ಹಂಗಾದ್ರ ಆರ ಯಾಕ್ರಿ? ಮೂರ ಹಾಕೂಣೇನು?”

ಅವನು ಕೇಳಿದ ರೀತಿಯಲ್ಲಿ ಕುಹಕವಿತ್ತೋ ಇಲ್ಲವೋ ನನಗೆ ಇಂದಿಗೂ ಖಚಿತವಿಲ್ಲ. ಆರು ಎಂದರೆ ಎಚ್ಚರಿಕೆಯೂ ಆಗುತ್ತದೆ, ಕೆರೆಯೂ ತೆರೆದಿರುತ್ತದೆ, ಶಿವಲಿಂಗಪ್ಪನಿಗೆ ನಗಲು ಏನೂ ಸಿಗುವುದಿಲ್ಲ. ಅದನ್ನು ನಾನು ಹೇಳಲಿಲ್ಲ. “ಹೊತ್ತಾತು, ಹಾಕು” ಎಂದೆ. ಅವನು ಎರಡು ಒಂದುಗಳನ್ನು ಕಿತ್ತು ಆರನ್ನು ಕೂರಿಸಿದ. ಚೀಟಿಯನ್ನು ಗೋಡೆಯ ಕಬ್ಬಿಣದ ಕಡ್ಡಿಗೆ ಚುಚ್ಚಿದ. ಆರೂವರೆಗೆ ಹಾಳೆ ಹೊರಗೆ ಹೋಯಿತು.

ಬಿಳಿಗಾಳಿ ಹೇಗೆ ಹುಟ್ಟುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಆ ವರ್ಷ ಚಳಿ ಶುರುವಾಗುವ ಮುಂಚೆ ನಾನೇ ಹಾಳೆಯಲ್ಲಿ ಮೂರು ಕಂತು ಬರೆದಿದ್ದೆ. ಮೊದಲನೆಯದರಲ್ಲಿ ಬಡಗಣ ಬಯಲಿನ ತಣ್ಣನೆಯ ಗಾಳಿಯ ಬಗ್ಗೆ: ಅದು ಭಾರ, ನೀರಿನ ಹಾಗೆ ನೆಲಕ್ಕೆ ಅಂಟಿಕೊಂಡು ತಗ್ಗಿಗೆ ಹರಿದು ಬಂದು ಊರಿನ ಸುತ್ತ ನಿಲ್ಲುತ್ತದೆ. ಎರಡನೆಯದರಲ್ಲಿ ಕೆರೆಯ ಬಗ್ಗೆ: ಅದರ ಉತ್ತರದ ತೋಳು ಗಟ್ಟಿಯಾಗುತ್ತದೆ, ತೆಂಕಣದ ಆಳದ ನೀರು ಎಂದೂ ಗಟ್ಟಿಯಾಗುವುದಿಲ್ಲ. ಆ ನೀರಿನ ಮೇಲಿನ ಗಾಳಿ ಕೊಂಚ ಬೆಚ್ಚಗಿರುತ್ತದೆ, ತೇವ ಹೊತ್ತಿರುತ್ತದೆ, ಹಗುರವಾಗಿರುತ್ತದೆ. ತಣ್ಣನೆಯ ಗಾಳಿಗೆ ಎದುರಾದಾಗ ಅದನ್ನು ತಳ್ಳಲಾರದೆ ಅದರ ಮೇಲೆ ಹತ್ತುತ್ತದೆ, ಹತ್ತುತ್ತಾ ತಣಿಯುತ್ತದೆ, ಅದರಲ್ಲಿದ್ದ ನೀರು ಹಿಮವಾಗುತ್ತದೆ. ಮೂರನೆಯದು ಪಡುವಣ ಗುಡ್ಡ ದಾಟಿ ಬರುವ ಕಡಿಮೆ ಒತ್ತಡದ ಬಗ್ಗೆ. ಆ ತಗ್ಗನ್ನು ತುಂಬಲು ಸುತ್ತಲಿನ ಗಾಳಿ ನುಗ್ಗುತ್ತದೆ. ಎಷ್ಟು ಹಿಮ ಬಿತ್ತು ಎಂಬುದು ದೊಡ್ಡದಲ್ಲ. ಬಿದ್ದದ್ದನ್ನೂ ಬೀಳುತ್ತಿರುವುದನ್ನೂ ಗಾಳಿ ನೆಲ ಮುಟ್ಟಲು ಬಿಡದೆ ಅಡ್ಡಡ್ಡ ಓಡಿಸಿದಾಗ ಮನುಷ್ಯನಿಗೆ ತನ್ನ ಕೈ ತನಗೆ ಕಾಣುವುದಿಲ್ಲ. ಒಂದು ಕಡೆ ಒತ್ತಡ ಎಷ್ಟು ಇಳಿದಿದೆ ಎಂಬುದರಿಂದ ಗಾಳಿಯ ವೇಗ ತಿಳಿಯುವುದಿಲ್ಲ. ಒಂದು ಕಡೆಗೂ ಇನ್ನೊಂದು ಕಡೆಗೂ ಎಷ್ಟು ಅಂತರವಿದೆ ಎಂಬುದರಿಂದ ತಿಳಿಯುತ್ತದೆ. ಆ ಕಂತಿಗೆ ನಾನೇ ಕೊಟ್ಟ ತಲೆಬರಹ ‘ಅಂತರವೇ ಗಾಳಿ’.

ಕೆರೆದಂಡೆಗೂ ಕಣಿವೆಗೂ ಅಂದು ಒಂಬತ್ತು ಬೆರಳು ಅಂತರವಿತ್ತು. ನಾನು ಆ ಅಂತರವನ್ನೇ ತಪ್ಪು ಎಂದು ತಿದ್ದಿದೆ.

ಎಂಟು ಗಂಟೆಗೆ ಮೂರು ಜಾರುಬಂಡಿಗಳು ಉಪ್ಪು ಮತ್ತು ಸೀಮೆಎಣ್ಣೆ ಹೇರಿಕೊಂಡು ಕೆರೆಗೆ ಇಳಿದವು. ಮುಂದಿನ ಬಂಡಿ ಬಾಳವ್ವನ ಮಗ ದ್ಯಾಮಣ್ಣನದು. ಕೆರೆ ಗಟ್ಟಿಯಾದ ವಾರಗಳಲ್ಲಿ ಬಂಡಿಯವರು ದಂಡೆಯ ಕೊಟ್ಟಿಗೆಯಲ್ಲೇ ಮಲಗುತ್ತಾರೆ, ಮನೆಗೆ ಹೋಗುವುದಿಲ್ಲ. ಹಾಗಾಗಿ ತಾಯಿ ಬೆಳಿಗ್ಗೆ ಎಷ್ಟು ಅಳೆದಳು ಎಂಬುದು ಅವನಿಗೆ ಹಾಳೆಯಿಂದಲೇ ತಿಳಿಯಬೇಕು. ಹಾಳೆ ನೋಡಿ, “ಆರ ಅಂದಾಳ ಅವ್ವ. ಸಂಜೀಕ ಕಟ್ಕೊಂಡು ಬರ್ತದ, ಅಷ್ಟರಾಗ ಬಂದ್ಬಿಡೂಣು” ಎಂದನಂತೆ. ಕೊಟ್ಟಿಗೆಯ ಗೋಡೆಗೆ ನನ್ನ ಮೂರನೆಯ ಕಂತನ್ನು ಅಂಟಿಸಿದವನು ಅವನೇ. ಇದನ್ನು ನಾನು ಆಮೇಲೆ ಕಣ್ಣಾರೆ ನೋಡಿದೆ.

ಹನ್ನೊಂದೂ ಇಪ್ಪತ್ತಕ್ಕೆ ನಮ್ಮ ಆಫೀಸಿನಲ್ಲಿ ಮೌಲಾಸಾಬನ ಬುತ್ತಿಯ ಗಂಗಾಳ ಕಲ್ಲಿನ ಸಮೇತ ಕಿಟಕಿಯ ಕಟ್ಟೆಯಿಂದ ಎದ್ದಿತು. ಕಲ್ಲು ಜಾರಿ ನೆಲಕ್ಕೆ ಬಿತ್ತು. ಅವನು ಕಲ್ಲನ್ನು ಎತ್ತಿಕೊಳ್ಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಹತ್ತು ನಿಮಿಷದಲ್ಲಿ ಎದುರಿನ ಅಂಗಡಿ ಕಾಣದಾಯಿತು. ಬಿಳಿಗಾಳಿ ಹದಿನಾಲ್ಕು ಗಂಟೆ ಬೀಸಿತು. ಆಮೇಲೆ ಅಳೆದಾಗ ಬಿದ್ದ ಹಿಮ ಒಂದು ಗೇಣೂ ಇರಲಿಲ್ಲ.

ಹಿಂದಿನ ಎರಡು ಬಂಡಿಯವರು ಹೇಸರಗತ್ತೆಗಳನ್ನು ಬಿಚ್ಚಿ ಬಿಟ್ಟು, ಒಬ್ಬರನ್ನೊಬ್ಬರು ಹಗ್ಗದಲ್ಲಿ ಕಟ್ಟಿಕೊಂಡು ಕತ್ತಲಾಗುವ ಹೊತ್ತಿಗೆ ದಂಡೆ ಸೇರಿದರು. ದ್ಯಾಮಣ್ಣ ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ, ಮಗುಚಿದ ಬಂಡಿಯ ಕೆಳಗೆ, ದಂಡೆಯಿಂದ ಮುನ್ನೂರು ಹೆಜ್ಜೆ ದೂರದಲ್ಲಿ ಸಿಕ್ಕಿದ. ಜೀವ ಇತ್ತು. ಹೇಸರಗತ್ತೆಯ ಹಗ್ಗವನ್ನು ಬಲಗೈಗೆ ಸುತ್ತಿಕೊಂಡಿದ್ದ. ಶುಕ್ರವಾರ ವೈದ್ಯರು ಆ ಕೈಯ ನಾಲ್ಕು ಬೆರಳುಗಳನ್ನು ತೆಗೆದರು.

ಗುರುವಾರದ ಹಾಳೆಗೆ ವರದಿ ಬರೆದವನು ನಾನು. ಅದರಲ್ಲಿ ಒಂದು ವಾಕ್ಯ ಹೀಗಿತ್ತು: ‘ಮಂಗಳವಾರದ ಹಾಳೆಯಲ್ಲಿ ಪಡುವಣ ಕಣಿವೆಯ ಅಳತೆ ಆರು ಬೆರಳು ಎಂದಿತ್ತು.’ ಆ ವಾಕ್ಯದ ಪ್ರತಿ ಪದವೂ ನಿಜ. ಹನ್ನೆರಡು ವರ್ಷದ ಕಸುಬಿನಲ್ಲಿ ನಾನು ಬರೆದ ಅತ್ಯಂತ ಕೆಟ್ಟ ವಾಕ್ಯ ಅದು.

ಊರು ಅದನ್ನು ನಾನು ಬಯಸಿದ ಹಾಗೆಯೇ ಓದಿತು. ಕಣಿವೆಯ ಮುದುಕಿ ಕಡಿಮೆ ಗೀಟು ಎಳೆದಿದ್ದಾಳೆ. ಸ್ವಂತ ಮಗನ ಕೈ ತಾನೇ ತಿಂದಳು. ಅವಳ ಸೊಸೆ, ದ್ಯಾಮಣ್ಣನ ಹೆಂಡತಿ ಸಾವಂತ್ರವ್ವ ಮಂಗಳವಾರ ಬೆಳಿಗ್ಗೆ ತಂಬಿಗೆಯ ಕೆಳಗೆ ತನ್ನ ಮೂರು ಬೆರಳುಗಳನ್ನು ಅತ್ತೆಯ ಎಂಟರ ಜೊತೆಗೆ ಇಟ್ಟಿದ್ದವಳು. ಅಳತೆ ಹನ್ನೊಂದು ಎಂಬುದು ಅವಳಿಗೆ ಗೊತ್ತಿತ್ತು. ಚೀಟಿ ಕಳಿಸಿ, ಕೆಂಪು ಬಟ್ಟೆ ಕಟ್ಟುತ್ತಾರೆಂದು ನಂಬಿ, ಇಬ್ಬರೂ ಬಾಗಿಲು ಭದ್ರಮಾಡಿಕೊಂಡು ಕೂತಿದ್ದರು. ಗಾಳಿ ನಿಂತ ಮೇಲೆ ಹಾಲಿನ ಬಂಡಿಯಲ್ಲಿ ಮಂಗಳವಾರದ ಹಾಳೆ ಮೇಲೆ ಹೋಯಿತು. ಸಾವಂತ್ರವ್ವ ಓದಿದಳು: ಆರು. ಅಚ್ಚಾದದ್ದು ತಪ್ಪಿರಬಹುದು ಎಂದು ಅತ್ತೆಗೂ ಅನಿಸಲಿಲ್ಲ, ಸೊಸೆಗೂ ಅನಿಸಲಿಲ್ಲ. ಅತ್ತೆಯ ಕಣ್ಣು ಮಂಜಾಗಿದೆ, ಹನ್ನೊಂದು ಎಂದುಕೊಂಡು ಆರೇ ಗೀಟು ಎಳೆದಿದ್ದಾಳೆ ಎಂದು ಇಬ್ಬರೂ ನಂಬಿದರು. ಅಂದಿನಿಂದ ಸಾವಂತ್ರವ್ವ ಅತ್ತೆಯ ಕೈಯಿಂದ ನೀರನ್ನೂ ತೆಗೆದುಕೊಳ್ಳಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾನು ಅಚ್ಚುಮನೆಗೆ ಹೋದಾಗ ಪುಟ ಕಟ್ಟುವ ಕಲ್ಲಿನ ಮೇಲೆ ಎರಡು ಸಾಲು ಮೊಳೆ ಕಟ್ಟಿಟ್ಟಿತ್ತು. ತಿರುವುಮುರುವಾಗಿ ಓದುವುದು ನನಗೆ ರೂಢಿ. ‘ತಿದ್ದುಪಡಿ: ಮಂಗಳವಾರ ಕಣಿವೆಯಿಂದ ಬಂದ ಅಳತೆ ಹನ್ನೊಂದು. ಆರು ಎಂದು ಹಾಕಿದ್ದು ನಮ್ಮ ತಪ್ಪು.’ ಮೌಲಾಸಾಬ ಕೈ ತೊಳೆಯುತ್ತಿದ್ದ.

“ಇವತ್ತ ಜಾಗ ಇಲ್ಲ,” ಎಂದೆ.

“ಆತ್ರಿ.”

ಶನಿವಾರವೂ ಅದು ಅಲ್ಲೇ ಇತ್ತು, ಭಾನುವಾರವೂ ಇತ್ತು. ನಾನು ಅದನ್ನು ಪಕ್ಕಕ್ಕೆ ಸರಿಸುತ್ತಿದ್ದೆ; ಮರುದಿನ ಅದು ಮತ್ತೆ ಕಲ್ಲಿನ ನಡುವೆ ಇರುತ್ತಿತ್ತು.

ಸೋಮವಾರ ಮಧ್ಯಾಹ್ನ ಬಾಳವ್ವ ಆಫೀಸಿಗೆ ಬಂದಳು. ಎರಡು ಹರದಾರಿ ನಡೆದೇ ಬಂದಿದ್ದಳು. ಕಣ್ಣಿನ ಸುತ್ತ ಎಣ್ಣೆಯ ಜಿಡ್ಡಿತ್ತು. ನಾನು ಕುರ್ಚಿ ಕೊಟ್ಟೆ, ಅವಳು ಕೂರಲಿಲ್ಲ.

“ತಮ್ಮಾ ರಾಚಪ್ಪ, ನಿನ್ನ ಹಾಳಿಗಿ ಕೆಟ್ಟ ಹೆಸರು ತಂದೆ ನೋಡಪ್ಪ. ಇಷ್ಟ ವರ್ಷ ಒಂದಿನಾ ತಪ್ಪಿದಾಕಿ ಅಲ್ಲ. ಮನಸಿಗಿ ಹಚ್ಕೋಬ್ಯಾಡ.”

ನಾನು ಏನೋ ಅಂದೆ. ಏನಂದೆ ಎಂಬುದು ನೆನಪಿಲ್ಲ.

“ಗುರುವಾರ ಪಂಚರು ಕೂಡ್ತಾರಂತ. ತಂಬಿಗಿ ತಗೊಂಡು ಸಾಲಿ ಮಾಸ್ತರ ಮನ್ಯಾಗ ಇಡ್ತಾರಂತ. ಇಡ್ಲಿ. ನಾ ಕೇಳಾಕ ಬಂದದ್ದ ಬ್ಯಾರೆ. ಆ ಚೀಟಿ ಅದ ಏನಪ್ಪ? ಆ ಗೀಟು ಒಂದ್ಸಲ ಕೈಯಾಗ ಹಿಡದು ನೋಡ್ತೀನಿ. ನಾ ಹೆಂಗ ತಪ್ಪಿದೆ ಅಂತ ನಂಗ ಗೊತ್ತಾಗಬೇಕಲ್ಲ.”

ಚೀಟಿ ಅವಳ ತಲೆಯಿಂದ ಒಂದು ಮೊಳ ಮೇಲೆ, ಕಬ್ಬಿಣದ ಕಡ್ಡಿಯಲ್ಲಿತ್ತು. ಅದರ ಮೇಲೆ ಆರು ದಿನದ ಚೀಟಿಗಳಿದ್ದವು.

“ಒಲಿಗೆ ಹಾಕ್ತೀವಿ ಅವ್ವ,” ಎಂದೆ. “ವಾರಕ್ಕೊಮ್ಮೆ.”

“ಹೌದಾ? ಆತು ಬಿಡು. ಕಾಗದ ಎಷ್ಟಂತ ಇಡ್ತೀರಿ.”

ಅವಳು ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ತಿರುಗಿದಳು. ಹೊಸ್ತಿಲಲ್ಲಿ ಎಡವಲಿಲ್ಲ. ಹೊಸ್ತಿಲು ಒಂದು ಗೇಣು ಎತ್ತರವಿದೆ, ಗೊತ್ತಿಲ್ಲದವರೆಲ್ಲ ಎಡವುತ್ತಾರೆ. ಅವಳ ಕಣ್ಣು ಸರಿಯಾಗಿಯೇ ಇತ್ತು. ಅವಳು ಹೋದ ಮೇಲೆ ಮೌಲಾಸಾಬ ಒಳಗಿನಿಂದ ಬಂದು ಕಡ್ಡಿಯಿಂದ ಚೀಟಿಗಳನ್ನು ಒಂದೊಂದಾಗಿ ತೆಗೆದ. ಮಂಗಳವಾರದ್ದನ್ನು ನನ್ನ ಮೇಜಿನ ಮೇಲಿಟ್ಟು, ಮಿಕ್ಕದ್ದನ್ನು ಮತ್ತೆ ಚುಚ್ಚಿದ.

“ಒಲಿ ಅಲ್ಲೇ ಅದ ನೋಡ್ರಿ,” ಎಂದ.

ನಾನು ಒಲೆಗೆ ಹಾಕಲಿಲ್ಲ. ಹಾಕದೆ ಇದ್ದದ್ದು ಧೈರ್ಯದಿಂದಲ್ಲ. ಕಾಗದವನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡೆ, ಎರಡು ದಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ. ಬುಧವಾರ ದವಾಖಾನೆಗೂ ಹೋದೆ. ದ್ಯಾಮಣ್ಣ ಎಡಗೈಯಿಂದ ಗಂಗಾಳ ಒತ್ತಿ ಹಿಡಿದಿದ್ದರಿಂದ ಉಣ್ಣಲು ಕೈ ಇರಲಿಲ್ಲ. ಪಕ್ಕದ ಹಾಸಿಗೆಯವನು ತುತ್ತು ಕೊಡುತ್ತಿದ್ದ. ನನ್ನನ್ನು ನೋಡಿ, “ಬರ್ರಿ ರಾಚಪ್ಪಾರ. ಅವ್ವನ ಮ್ಯಾಲ ಸಿಟ್ಟಾಗಬ್ಯಾಡ್ರಿ, ವಯಸ್ಸಾತು” ಎಂದ. ನಾನು ಐದು ನಿಮಿಷ ಕೂತು ಎದ್ದು ಬಂದೆ.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಚಾವಡಿಯಲ್ಲಿ ಪಂಚರು ಸೇರಿದರು. ವರದಿಗಾರನಾಗಿ ನಾನು ಹೋಗಲೇಬೇಕಿತ್ತು. ಬಾಳವ್ವ ತಂಬಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಹಿಡಿದು ತಂದಿದ್ದಳು. ಸಾವಂತ್ರವ್ವ ಮೂರು ಹೆಜ್ಜೆ ದೂರ ನಿಂತಿದ್ದಳು. ಹಿರಿಯ ಪಂಚ ಮಲ್ಲೇಶಪ್ಪ ಕೆಟ್ಟ ಮನುಷ್ಯನಲ್ಲ. ತೀರ್ಮಾನ ಹೇಳುವ ಮುಂಚೆ ಒಂದು ಖಾಲಿ ಹಾಳೆ ಮತ್ತು ಸೀಸದ ಕಡ್ಡಿ ಅವಳ ಮುಂದಿಟ್ಟ.

“ಹನ್ನೊಂದು ಗೀಟು ಎಳಿಯವ್ವ. ನೋಡೂಣು.”

ಅವಳು ಕೂತು, ಹಾಳೆಯನ್ನು ಮುಖದ ಹತ್ತಿರ ತಂದು, ನಿಧಾನವಾಗಿ ಎಳೆದಳು. ಮಲ್ಲೇಶಪ್ಪ ಎಣಿಸಿದ. ಇನ್ನೊಬ್ಬರಿಗೆ ಕೊಟ್ಟ, ಅವರೂ ಎಣಿಸಿದರು. ಹನ್ನೊಂದು ಇದ್ದವು, ಎಲ್ಲವೂ ಒಂದೇ ಉದ್ದ, ನಡುವೆ ಒಂದೇ ಅಳತೆಯ ಜಾಗ.

“ಎಷ್ಟದಾವ?” ಎಂದು ಬಾಳವ್ವ ಕೇಳಿದಳು.

“ಹನ್ನೊಂದು.”

“ಹಂಗಾದ್ರ ಅವತ್ತ ಏನಾತು?” ಅವಳು ಪಂಚರನ್ನು ಕೇಳಲಿಲ್ಲ. ನನ್ನ ಕಡೆ ತಿರುಗಿದಳು. “ನೀ ನೋಡಿದಾವ. ನೀ ಹೇಳಪ್ಪ, ನಾ ಎಷ್ಟ ಎಳದಿದ್ದೆ?”

ಆ ಪ್ರಶ್ನೆ ಹೊರಗಿನಿಂದ ಬರದಿದ್ದರೆ ನಾನು ಹೇಳುತ್ತಿದ್ದೆ ಎಂದು ಬರೆಯಲಾರೆ. ಜೇಬಿನಿಂದ ಚೀಟಿ ತೆಗೆದು ಅವಳ ಹಾಳೆಯ ಪಕ್ಕದಲ್ಲಿಟ್ಟೆ. ಎರಡೂ ಒಂದೇ ಕೈಯವು ಎಂಬುದು ಯಾರಿಗಾದರೂ ಕಾಣುವಂತಿತ್ತು.

“ಹನ್ನೊಂದು,” ಎಂದೆ. “ಆರು ಹಾಕಿಸಿದಾವ ನಾನು. ಮೌಲಾಸಾಬ ಬ್ಯಾಡ ಅಂದಿದ್ದ.”

ಮೌಲಾಸಾಬ ಬೇಡ ಎಂದಿರಲಿಲ್ಲ, ಎರಡು ಸಲ ಕೇಳಿದ್ದ ಅಷ್ಟೇ. ಆ ಹೊತ್ತಿನಲ್ಲೂ ನಾನು ಸರಿಯಾಗಿ ಹೇಳಲಿಲ್ಲ.

ಶಿವಲಿಂಗಪ್ಪ ಹಿಂದಿನ ಸಾಲಿನಲ್ಲಿದ್ದ, ತಲೆ ತಗ್ಗಿಸಿಕೊಂಡ. ಸಾವಂತ್ರವ್ವ ಆ ಮೂರು ಹೆಜ್ಜೆ ದಾಟಿ ಬಂದು ಚೀಟಿಯನ್ನು ಎತ್ತಿಕೊಂಡಳು. ಬೆರಳಿಟ್ಟು ಎಣಿಸಿದಳು. ಕೊನೆಯ ಮೂರು ಗೀಟುಗಳ ಹತ್ತಿರ ಬೆರಳು ನಿಂತಿತು. “ಇವು ನನ್ನವು,” ಎಂದಳು, ನನಗಲ್ಲ, ಅತ್ತೆಗೆ. ಆಮೇಲೆ ಕೆಳಗೆ ಕೂತು ಅತ್ತೆಯ ಕಂಕುಳಿನಿಂದ ತಂಬಿಗೆಯನ್ನು ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡಳು.

ಬಾಳವ್ವ ನನ್ನ ಕಡೆ ತಿರುಗಿದಳು. ಮಗನ ಕೈಯ ಬಗ್ಗೆ ಕೇಳುತ್ತಾಳೆ ಎಂದುಕೊಂಡಿದ್ದೆ. ಅದಕ್ಕೆ ಕೊಡಬೇಕಾದ ಉತ್ತರವನ್ನು ಒಂಬತ್ತು ದಿನಗಳಿಂದ ಮನಸ್ಸಿನಲ್ಲೇ ಬರೆದು ಹೊಡೆದು ಹಾಕಿದ್ದೆ.

“ಅವತ್ತಿಂದ ರಾತ್ರಿ ಮಲಗೂ ಮುಂದ ದಿನಾ ಕಣ್ಣಿಗೆ ಹರಳೆಣ್ಣಿ ಬಿಟ್ಕೊಂಡೇನಲ್ಲೋ,” ಎಂದಳು. “ಉರೀತದ ಅದು.”

ಮಲ್ಲೇಶಪ್ಪ ತಂಬಿಗೆ ಕಣಿವೆ ಮನೆಯಲ್ಲೇ ಇರಲಿ ಎಂದ. ನನಗೆ ದಂಡ ಹಾಕಲಿಲ್ಲ, ಬೈಯಲೂ ಇಲ್ಲ. “ನಾಳಿ ಹಾಳ್ಯಾಗ ಹಾಕ್ರಿ” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟ. ನಾನು ಆಫೀಸಿಗೆ ಬಂದು ಮೌಲಾಸಾಬನಿಗೆ ಹೇಳಿದೆ. ಅವನು ಹೊಸದಾಗಿ ಏನನ್ನೂ ಜೋಡಿಸಬೇಕಿರಲಿಲ್ಲ. ಕಲ್ಲಿನ ಮೇಲಿದ್ದ ಎರಡು ಸಾಲುಗಳ ಧೂಳನ್ನು ಬಟ್ಟೆಯಿಂದ ಒರೆಸಿದ. “ನಮ್ಮ ತಪ್ಪು ಅಂತ ಅದರಿ. ಹಂಗ ಇರಲೇನು?” ಎಂದು ಕೇಳಿದ. ನಾನು ‘ನಮ್ಮ’ ಎಂಬುದನ್ನು ತೆಗೆದು ನನ್ನ ಹೆಸರು ಹಾಕಲು ಹೇಳಿದೆ. ಅವನು ಹಾಕಿದ. ಶುಕ್ರವಾರ ಆರೂವರೆಗೆ ಅದು ಮೊದಲ ಪುಟದಲ್ಲಿ, ಚೌಕದ ಕೆಳಗೆ ಬಂತು.

ಶನಿವಾರ ಬೆಳಗಿನ ಐದೂಮುಕ್ಕಾಲಿಗೆ ಹಾಲಿನ ಬಂಡಿ ನಮ್ಮ ಆಫೀಸಿನ ಮುಂದೆ ನಿಲ್ಲದೆ ಹೋಯಿತು. ಉಳಿದ ನಾಲ್ಕು ಮನೆಗಳಿಂದಲೂ ಚೀಟಿ ಬರಲಿಲ್ಲ. ಆರು ಗಂಟೆಯವರೆಗೆ ಕಾದು ನಾನು ಹೊರಗೆ ಬಂದೆ. ಕೆರೆದಂಡೆಯಲ್ಲಿ, ಕೆಂಪು ಬಟ್ಟೆಯ ಕಂಬಕ್ಕೆ ಒಂದು ಹಲಗೆ ಹೊಡೆದಿದ್ದರು. ಐದು ಚೀಟಿಗಳನ್ನೂ ಅದಕ್ಕೆ ಮೊಳೆಯಿಂದ ಚುಚ್ಚಿದ್ದರು. ಬಂಡಿಯವರು ಮುಂದೆ ನಿಂತು ತಾವೇ ಎಣಿಸುತ್ತಿದ್ದರು. ನಾನು ಅವರ ಹಿಂದೆ ನಿಂತು, ನನ್ನ ಸರದಿ ಬಂದ ಮೇಲೆ, ಕಣಿವೆಯ ಚೀಟಿಯ ಗೀಟುಗಳನ್ನು ಬರೆದುಕೊಂಡೆ. ನಾಲ್ಕು ಇದ್ದವು. ನಾಲ್ಕು ಎಂದೇ ಹಾಕಿದೆವು.